ಪಾಳಿ ಹಚ್ಚಿಕೊಳ್ಳಿ, ಮೊದಲ ವಾರವೇ ದಣಿಯಬೇಡಿ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಗದಗ-ಬೆಟಗೇರಿಯವರು. ಹಿರಿಯರು, ಕಿರಿಯರು ಸೇರಿ ಒಂದು ನಲವತ್ತು ಮಂದಿ ದಿನಾ ಮುಂಜಾನೆ ಒಟ್ಟಿಗೆ ಸೈಕ್ಲಿಂಗ್ ಪ್ರಾಕ್ಟೀಸ್ ಮಾಡುತ್ತೇವೆ. ನಮ್ಮ ಜೊತೆಯ ಒಬ್ಬ ಹುಡುಗಿಗೆ 16 ವರ್ಷ. ರಾಜ್ಯಮಟ್ಟದಲ್ಲಿ ಪದಕ ತಂದವಳು. ಹೋದ ತಿಂಗಳು ಅವಳಿಗೆ ರಕ್ತದ ಕ್ಯಾನ್ಸರ್, ಎ.ಎಲ್.ಎಲ್. ಅಂತ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಶುರುವಾಗಿದೆ. ಅಪ್ಪ ಎ.ಪಿ.ಎಂ.ಸಿ.ಯಲ್ಲಿ ಹಮಾಲಿ ಮಾಡುತ್ತಾರೆ, ಅವ್ವ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ತಮ್ಮನೂ ನಮ್ಮಲ್ಲೇ ಸೈಕಲ್ ಹೊಡೆಯುತ್ತಾನೆ. ಎಲ್ಲರೂ ರಕ್ತ ಕೊಡಬೇಕು, ಜಾಥಾ ಮಾಡಿ ರೊಕ್ಕ ಕೂಡಿಸಬೇಕು, ಒಟ್ಟಿಗೆ ಹೋಗಿ ಧೈರ್ಯ ಹೇಳಿ ಬರಬೇಕು ಅಂತ ಇದ್ದೇವೆ. ಆರು ತಿಂಗಳಲ್ಲಿ ಅವಳು ರೇಸಿಗೆ ವಾಪಸ್ ಬರಬಹುದಾ? ರೊಕ್ಕಕ್ಕಾಗಿ ಅವಳ ಸೈಕಲ್ ಮಾರಲು ಅಪ್ಪ ಹೊರಟಿದ್ದಾರೆ, ಬೇಡ ಅನ್ನಬೇಕಾ? ಇನ್ನೊಂದು ಮಾತು. ಎರಡು ತಿಂಗಳಿಂದ ಅವಳ ಟೈಮಿಂಗ್ ಬೀಳುತ್ತಿತ್ತು. ಬಿಂಕದಕಟ್ಟಿ ಕಡೆ ಏರು ಬಂದರೆ ಇಳಿದು ನಿಲ್ಲುತ್ತಿದ್ದಳು. ರಾತ್ರಿಯೆಲ್ಲ ಮೊಬೈಲ್ ನೋಡ್ತೀಯ ಅಂತ ನಾವು ಬೈದೆವು. ಅದು ಈಗ ಚುಚ್ಚುತ್ತಿದೆ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಅದನ್ನು ಬಿಟ್ಟು ಬೇರೆ ಏನು ಹೇಳಿದರೂ ನಿಮ್ಮ ತಲೆಗೆ ಹೋಗುವುದಿಲ್ಲ.

ನೀವು ಬೈದದ್ದರಿಂದ ಅವಳಿಗೆ ಈ ಕಾಯಿಲೆ ಬಂದಿಲ್ಲ. ಜಾಸ್ತಿ ಪ್ರಾಕ್ಟೀಸ್ ಮಾಡಿಸಿದ್ದರಿಂದಲೂ ಅಲ್ಲ, ಸೈಕಲ್ ಮೇಲಿಂದ ಬಿದ್ದದ್ದರಿಂದಲೂ ಅಲ್ಲ. ಎಲುಬಿನ ಮಜ್ಜೆಯಲ್ಲಿ ರಕ್ತ ತಯಾರಾಗುತ್ತದೆ. ಅಲ್ಲಿ ಒಂದು ಜಾತಿಯ ಎಳೆಯ ಬಿಳಿ ರಕ್ತಕಣ ಬಲಿಯದೆ ಸುಮ್ಮನೆ ಹೆಚ್ಚುತ್ತಾ ಹೋಗುತ್ತದೆ, ಉಳಿದ ಕಣಗಳಿಗೆ ಜಾಗವೇ ಇರುವುದಿಲ್ಲ. ಬಹಳಷ್ಟು ಮಕ್ಕಳಲ್ಲಿ ಇದಕ್ಕೆ ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕೆಂಪು ಕಣ ಕಡಿಮೆಯಾದಾಗ ಏರಿನಲ್ಲಿ ಉಸಿರು ಸಾಲುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಕಡಿಮೆಯಾದಾಗ ಮೊಣಕಾಲ ಕೆಳಗೆ ನೀಲಿ ಕಲೆ ಬೀಳುತ್ತವೆ. ಸೈಕಲ್ ಹೊಡೆಯುವ ಹುಡುಗಿಯ ಕಾಲಲ್ಲಿ ನೀಲಿ ಕಲೆ ಕಂಡರೆ ಬಿದ್ದಿರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಳ್ಳುತ್ತಿದ್ದೆ. ಒಂದು ದಿನ ನಿಮ್ಮ ಕೋಚ್ ಒಬ್ಬರೇ ಅವಳ ಹತ್ತಿರ ಕೂತು, "ನಮಗೆ ಗೊತ್ತಾಗಲಿಲ್ಲವ್ವ, ತಪ್ಪಾಯ್ತು" ಅಂದುಬಿಡಲಿ. ಒಂದೇ ಸಲ ಸಾಕು. ಪದೇಪದೇ ಹೇಳಿದರೆ ಅವಳೇ ನಿಮ್ಮನ್ನು ಸಮಾಧಾನ ಮಾಡುವ ಹಾಗಾಗುತ್ತದೆ.

ಉಳಿದ ಮಕ್ಕಳ ಬಗ್ಗೆ ಈಗ ಗಾಬರಿ ಬೇಡ. ಹುಡುಗಿಯರ ಟೈಮಿಂಗ್ ಬಿದ್ದರೆ ಬಹಳ ಸಲ ಅದು ಕಬ್ಬಿಣದ ಅಂಶ ಕಡಿಮೆಯಾಗಿದ್ದರಿಂದ, ಅಷ್ಟೇ. ಆದರೆ ಸುಸ್ತಿನ ಜೊತೆಗೆ ಮುಖ ಬಿಳಿಚಿಕೊಂಡಿದ್ದರೆ, ಪೆಟ್ಟಿಲ್ಲದೆ ಕಲೆ ಬೀಳುತ್ತಿದ್ದರೆ, ರಾತ್ರಿ ಎಲುಬು ನೋಯುತ್ತಿದ್ದರೆ, ಬಿಟ್ಟು ಬಿಟ್ಟು ಜ್ವರ ಬರುತ್ತಿದ್ದರೆ ಒಂದು ಸಿ.ಬಿ.ಸಿ., ಅಂದರೆ ರಕ್ತಕಣಗಳ ಎಣಿಕೆ ಮಾಡಿಸಿ, ರಕ್ತವನ್ನು ಗಾಜಿನ ಮೇಲೆ ಸವರಿ ನೋಡಲು ಹೇಳಿ. ದುಬಾರಿ ಪರೀಕ್ಷೆಯಲ್ಲ.

ಈಗ ಮುಖ್ಯ ಮಾತು. ಎ.ಎಲ್.ಎಲ್. ವಾಸಿಯಾಗುವ ಕ್ಯಾನ್ಸರ್. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಬಂದ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಕ್ಕಳು ಉಳಿಯುತ್ತಾರೆ. ನಮ್ಮಲ್ಲಿ ಅಷ್ಟು ಉಳಿಯುವುದಿಲ್ಲ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಕಾಯಿಲೆ ಸ್ವಲ್ಪ ಹಟಮಾರಿ, ಹಾಗಾಗಿ ನಿಮ್ಮ ಹುಡುಗಿಗೆ ಔಷಧಿಯೂ ಗಟ್ಟಿಯಾದದ್ದೇ ಕೊಡುತ್ತಾರೆ. ಕೆಲವು ಮಕ್ಕಳು ಏನು ಮಾಡಿದರೂ ಉಳಿಯುವುದಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಮಕ್ಕಳು ಕೈತಪ್ಪಲು ಇನ್ನೊಂದು ದೊಡ್ಡ ಕಾರಣ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು. ಅದನ್ನು ತಡೆಯಲು ಡಾಕ್ಟರ್‌ಗಿಂತ ನಿಮ್ಮಂಥವರ ಕೈಲಿ ಜಾಸ್ತಿ ಆಗುತ್ತದೆ.

ಯಾಕೆ ಬಿಡುತ್ತಾರೆ ಅಂದರೆ, ಇದು ಎರಡರಿಂದ ಎರಡೂವರೆ ವರ್ಷದ ಚಿಕಿತ್ಸೆ. ಮೊದಲ ನಾಲ್ಕೈದು ವಾರ ಬಹುಪಾಲು ದವಾಖಾನೆಯಲ್ಲೇ ಕಳೆಯುತ್ತವೆ. ಆಮೇಲೆ ಆರೆಂಟು ತಿಂಗಳು ಬಿಟ್ಟು ಬಿಟ್ಟು ಕೀಮೋ. ಅದು ಮುಗಿದ ಮೇಲೆ ಮನೆಯಲ್ಲೇ ದಿನಾ ಗುಳಿಗೆ, ನಡುನಡುವೆ ರಕ್ತಪರೀಕ್ಷೆ. ಈ ಕೊನೆಯ ಭಾಗವೇ ಎಲ್ಲಕ್ಕಿಂತ ಉದ್ದ. ಆಗ ಹುಡುಗಿ ನೋಡಲು ಚೆನ್ನಾಗಿಯೇ ಇರುತ್ತಾಳೆ, ಕೂದಲೂ ಬಂದಿರುತ್ತದೆ. ಮನೆಯವರ ರೊಕ್ಕ ಮಾತ್ರ ಮುಗಿದಿರುತ್ತದೆ. "ಆರಾಮಾಗ್ಯಾಳಲ್ಲ, ಇನ್ನ್ಯಾಕ ಹುಬ್ಬಳ್ಳಿ?" ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ಅಪ್ಪ ಒಂದು ತಾರೀಖು ತಪ್ಪಿಸುತ್ತಾರೆ, ಆಮೇಲೆ ಇನ್ನೊಂದು. ಕಾಯಿಲೆ ವಾಪಸ್ ಬರಲು ಅಷ್ಟು ಸಾಕು. ಹಾಗೆ ವಾಪಸ್ ಬಂದದ್ದನ್ನು ಗೆಲ್ಲುವುದು ಬಹಳ ಕಷ್ಟ.

ಊರಿನ ಮಂದಿ ಬರುವುದು ಮಾತ್ರ ಮೊದಲ ತಿಂಗಳು. ಹಣ್ಣಿನ ಬುಟ್ಟಿ, ಜಾಥಾ, ಸ್ಟೇಟಸ್, ಫೋಟೋ. ನಾಲ್ಕನೇ ತಿಂಗಳಿಗೆ ವಾರ್ಡಿನಲ್ಲಿ ಅವ್ವ ಮತ್ತು ಮಗಳು ಇಬ್ಬರೇ ಇರುತ್ತಾರೆ. ನಾನಿದನ್ನು ಎಷ್ಟೋ ಸಲ ನೋಡಿದ್ದೇನೆ. ನಿಮಗೆ ಇದನ್ನು ವಿವರಿಸುವುದು ಸುಲಭ, ಯಾಕೆಂದರೆ ನೀವು ಟೀಮ್ ಟೈಮ್ ಟ್ರಯಲ್, ಅಂದರೆ ಇಡೀ ತಂಡ ಒಟ್ಟಿಗೆ ಗಡಿಯಾರದ ವಿರುದ್ಧ ಹೊಡೆಯುವ ರೇಸ್ ಓಡಿಸಿದವರು. ಮುಂದಿದ್ದವನು ಗಾಳಿ ಒಡೆಯುತ್ತಾನೆ, ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ಸರಿದು ಹಿಂದೆ ಬರುತ್ತಾನೆ, ಇನ್ನೊಬ್ಬ ಮುಂದೆ ಹೋಗುತ್ತಾನೆ. ಹುಮ್ಮಸ್ಸಿನಲ್ಲಿ ಒಬ್ಬನೇ ಮುಂದೆ ನಿಂತರೆ ಅವನೂ ಸುಸ್ತಾಗುತ್ತಾನೆ, ತಂಡವೂ ಒಡೆಯುತ್ತದೆ. ಗದಗಿನ ಗಾಳಿ ನಿಮಗೆ ಗೊತ್ತಿದ್ದದ್ದೇ, ಕಪ್ಪತಗುಡ್ಡದ ತುಂಬ ಗಾಳಿಗಿರಣಿ ನಿಂತಿವೆ. ಇಲ್ಲಿಯೂ ಅಷ್ಟೇ. ನಲವತ್ತು ಮಂದಿ ಇದ್ದೀರಿ, ಮೂವತ್ತು ತಿಂಗಳಿಗೆ ಪಾಳಿ ಹಚ್ಚಿಕೊಳ್ಳಿ.

ರಕ್ತದ ಪಾಳಿಯಿಂದ ಶುರು ಮಾಡಿ. ಎಲ್ಲರೂ ಒಂದೇ ದಿನ ರಕ್ತ ಕೊಡುವುದು ಫೋಟೋಗೆ ಚೆಂದ, ಅವಳಿಗೆ ಅಷ್ಟು ಉಪಯೋಗವಿಲ್ಲ. ಅವಳಿಗೆ ಮತ್ತೆ ಮತ್ತೆ ಬೇಕಾಗುವುದು ಪ್ಲೇಟ್‌ಲೆಟ್. ಅದನ್ನು ತೆಗೆದಿಟ್ಟರೆ ಐದೇ ದಿನ ಬಾಳುತ್ತದೆ. ಇವತ್ತು ಮೂವತ್ತು ಮಂದಿ ಕೊಟ್ಟರೆ ಬರುವ ತಿಂಗಳು ಬೇಕಾದಾಗ ಯಾರೂ ಇರುವುದಿಲ್ಲ. ಒಂದು ನೋಟ್‌ಬುಕ್ ಮಾಡಿ. ಹೆಸರು, ರಕ್ತದ ಗುಂಪು, ಫೋನ್, ಹಿಂದೆ ಕೊಟ್ಟ ತಾರೀಖು ಬರೆಯಿರಿ. 18 ತುಂಬದವರು ಕೊಡುವಂತಿಲ್ಲ, ಅಂದರೆ ನಿಮ್ಮ ಜೂನಿಯರ್‌ಗಳೆಲ್ಲ ಹೊರಗೆ. ತೂಕ 45 ಕೆ.ಜಿ.ಗಿಂತ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಇರಲೇಬೇಕು. ಇದರಲ್ಲಿ ನಿಮ್ಮ ಹುಡುಗಿಯರಲ್ಲಿ ಕೆಲವರು ಬಿಟ್ಟುಹೋಗಬಹುದು, ಬೇಜಾರು ಬೇಡ. ಹೋದ ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ಕಾಯಬೇಕು.

ಕ್ರೀಡಾಪಟುಗಳಿಗೆ ಇಲ್ಲಿ ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಇಡೀ ರಕ್ತ ಕೊಟ್ಟರೆ 350 ಅಥವಾ 450 ಮಿಲಿಲೀಟರ್ ಹೋಗುತ್ತದೆ. ನೀರಿನ ಅಂಶ ಒಂದೆರಡು ದಿನದಲ್ಲಿ ತುಂಬುತ್ತದೆ, ಕೆಂಪು ಕಣ ತುಂಬಲು ವಾರಗಳು ಬೇಕು. ಅಲ್ಲಿಯವರೆಗೆ ಏರಿನಲ್ಲಿ ಕಾಲು ಭಾರ ಅನಿಸುತ್ತದೆ. ಗಂಡಸರು ಮತ್ತೆ ಕೊಡಲು 90 ದಿನ, ಹೆಂಗಸರು 120 ದಿನ ಕಾಯಬೇಕು. ಪ್ಲೇಟ್‌ಲೆಟ್ ಕೊಡುವುದು ಬೇರೆ ರೀತಿ. ಯಂತ್ರಕ್ಕೆ ಜೋಡಿಸುತ್ತಾರೆ, ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಉಳಿದ ರಕ್ತವನ್ನು ವಾಪಸ್ ಕೊಡುತ್ತಾರೆ. ಒಂದೂವರೆ, ಎರಡು ತಾಸು ಹಿಡಿಯುತ್ತದೆ. ಕೆಂಪು ಕಣ ಹೆಚ್ಚು ಹೋಗುವುದಿಲ್ಲ, ಹಾಗಾಗಿ ಬೇಗ ಚೇತರಿಸಿಕೊಳ್ಳುತ್ತೀರಿ. ಎರಡು ದಿನ ಬಿಟ್ಟು ಮತ್ತೆ ಕೊಡಲು ನಿಯಮದಲ್ಲಿ ಅವಕಾಶವಿದೆ, ಆದರೂ ಅಷ್ಟು ಅವಸರ ಬೇಡ. ಆಸ್ಪಿರಿನ್ ಗುಳಿಗೆ ತಗೊಂಡಿದ್ದರೆ ಮೂರು ದಿನ ನಡೆಯುವುದಿಲ್ಲ. ಆದ್ದರಿಂದ ನನ್ನ ಸಲಹೆ ಇದು. ರೇಸ್ ಇಲ್ಲದ ಹಿರಿಯರು ಇಡೀ ರಕ್ತ ಕೊಡಲಿ. ಓಡಿಸುತ್ತಿರುವವರು ಪ್ಲೇಟ್‌ಲೆಟ್ ಪಾಳಿಯಲ್ಲಿ ಇರಲಿ. ಸ್ಪರ್ಧೆ ಎರಡು ವಾರದೊಳಗಿದ್ದರೆ ಏನೂ ಬೇಡ. ಏನೇ ಕೊಟ್ಟರೂ ಮರುದಿನ ಮುಂಜಾನೆ ಪ್ರಾಕ್ಟೀಸ್ ಬಿಡಿ. ಹುಬ್ಬಳ್ಳಿಗೆ ಹೊರಡುವ ಮೊದಲು ರಕ್ತ ಕೇಂದ್ರಕ್ಕೆ ಫೋನ್ ಮಾಡಿ. ಯಂತ್ರ ಖಾಲಿ ಇಲ್ಲದೆ ಅರವತ್ತು ಕಿಲೋಮೀಟರ್ ಬಂದು ವಾಪಸ್ ಹೋದ ಹುಡುಗ ಎರಡನೇ ಸಲ ಬರುವುದಿಲ್ಲ.

ಅಪ್ಪ, ಅವ್ವ, ದೊಡ್ಡಪ್ಪ, ಮಾವ ಇವರ ರಕ್ತವನ್ನು ಅವಳಿಗೇ ಹಾಕಿಸಲು ಓಡಾಡಬೇಡಿ. ಹತ್ತಿರದ ಸಂಬಂಧಿಕರ ರಕ್ತದಲ್ಲಿರುವ ಕಣಗಳು ಅವಳ ಮೈಯನ್ನೇ ತಿನ್ನಲು ಶುರು ಮಾಡುವ ಒಂದು ಅಪಾಯ ಇದೆ. ಅಪರೂಪ, ಆದರೆ ಬಂದರೆ ಜೀವಕ್ಕೇ ಕುತ್ತು. ಮುಂದೆ ಮಜ್ಜೆ ಕಸಿ ಬೇಕಾದರೆ ಅದಕ್ಕೂ ತೊಡಕಾಗಬಹುದು. ಮನೆಯವರು ಬೇರೆ ರೋಗಿಗಳಿಗಾಗಿ ಕೊಡಲಿ, ಅವಳಿಗೆ ನಿಮ್ಮಂಥ ಹೊರಗಿನವರದ್ದೇ ಒಳ್ಳೆಯದು. ಇಲ್ಲಿ ರಕ್ತಸಂಬಂಧಕ್ಕಿಂತ ಸೈಕಲ್ ಸಂಬಂಧ ಮೇಲು ಅನ್ನಿ.

ಎರಡನೇ ಪಾಳಿ ಕಾರಿನದು. ನನ್ನನ್ನು ಕೇಳಿದರೆ ರಕ್ತಕ್ಕಿಂತ, ರೊಕ್ಕಕ್ಕಿಂತ ಇದು ದೊಡ್ಡದು. ಕೀಮೋ ಆದ ಮೇಲೆ ಬಿಳಿ ಕಣ ನೆಲ ಕಚ್ಚುತ್ತವೆ. ಆಗ ಬರುವ ಜ್ವರ ಮಾಮೂಲಿ ಜ್ವರವಲ್ಲ. ಥರ್ಮಾಮೀಟರ್ 100.4 ಫ್ಯಾರನ್‌ಹೀಟ್ ತೋರಿಸಿದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ. ಗಂಟೆಯೊಳಗೆ ರಕ್ತನಾಳದಲ್ಲಿ ಆ್ಯಂಟಿಬಯೋಟಿಕ್ ಬೀಳಬೇಕು. ಜ್ವರ ಬರುವುದು ಯಾವಾಗಲೂ ರಾತ್ರಿ ಎರಡಕ್ಕೇ, ಅದೇನು ಶಾಪವೋ. ಹಮಾಲಿ ಮಾಡಿ ಬಂದು ಮಲಗಿದ ಅಪ್ಪ ಆ ಹೊತ್ತಿನಲ್ಲಿ ಯಾರ ಬಾಗಿಲು ಬಡಿಯಬೇಕು? ಸಂಕೋಚ ಪಟ್ಟು ಒಂದು ಪ್ಯಾರಸಿಟಮಾಲ್ ಕೊಟ್ಟು ಮಲಗಿಸುತ್ತಾರೆ. ಜ್ವರ ಇಳಿಯುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಇದರಿಂದಲೇ ನಾವು ಮಕ್ಕಳನ್ನು ಕಳೆದುಕೊಂಡಿದ್ದೇವೆ.

ಅದಕ್ಕೇ ದಿನಕ್ಕೊಬ್ಬರಂತೆ, ಕಾರು ಇದ್ದವರು, ಫೋನ್ ಸೈಲೆಂಟ್ ಮಾಡದೆ ಮಲಗುವ ಪಾಳಿ ಹಚ್ಚಿ. ಆ ವಾರದ ಪಟ್ಟಿ ಅವಳ ಮನೆಯ ಗೋಡೆ ಮೇಲೆ ಅಂಟಿಸಿರಲಿ. ಗದಗಿನಿಂದ ಹುಬ್ಬಳ್ಳಿಗೆ ಬರುವಷ್ಟರಲ್ಲಿ ಒಂದು ತಾಸು ಮೀರಿರುತ್ತದೆ. ಹಾಗಾಗಿ ಜ್ವರ ಬಂದಾಗ ನೇರ ಬರಬೇಕಾ, ಮೊದಲ ಡೋಸ್ ಗದಗಿನ ಸರ್ಕಾರಿ ದವಾಖಾನೆಯಲ್ಲೇ ಹಾಕಿಸಬೇಕಾ ಅಂತ ಅವಳ ಡಾಕ್ಟರನ್ನು ಈಗಲೇ ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ಇಟ್ಟುಕೊಳ್ಳಿ. ಆ ಚೀಟಿ ಇಲ್ಲದಿದ್ದರೆ ರಾತ್ರಿ ಡ್ಯೂಟಿಯ ಹೊಸ ಡಾಕ್ಟರಿಗೆ ಎಲ್ಲಾ ಬಿಡಿಸಿ ಹೇಳುವಷ್ಟರಲ್ಲಿ ಹೊತ್ತು ಹೋಗುತ್ತದೆ. ಓಣಿಯ ಡಾಕ್ಟರ್ ಹತ್ತಿರ ಚಪ್ಪೆಗೆ ಸೂಜಿ ಮಾಡಿಸುವುದಂತೂ ಬೇಡವೇ ಬೇಡ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಆ ಜಾಗದಲ್ಲಿ ರಕ್ತ ಗಡ್ಡೆ ಕಟ್ಟುತ್ತದೆ.

ಮಾಮೂಲಿ ತಾರೀಖಿಗೆ ಹೋಗಲಿಕ್ಕೂ ಈ ಕಾರು ಬೇಕಾಗುತ್ತದೆ. ಶಕ್ತಿ ಯೋಜನೆಯಲ್ಲಿ ಅವ್ವ, ಮಗಳು ಇಬ್ಬರಿಗೂ ಸಾಮಾನ್ಯ ಬಸ್ ಪುಕ್ಕಟೆ, ಅದು ದೊಡ್ಡ ಉಪಕಾರವೇ. ಆದರೆ ಬಿಳಿ ಕಣ ಕಡಿಮೆ ಇದ್ದ ವಾರ ಆ ಗದ್ದಲದ ಬಸ್ಸಿನಲ್ಲಿ ನಿಂತು ಬರುವುದು ಸರಿಯಲ್ಲ. ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎ.ಸಿ. ಪೂರ್ತಿ ಮಾಫಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು ಮಾಫಿ. ದವಾಖಾನೆಯಿಂದ ಅದರ ಫಾರಂ ತುಂಬಿಸಿಕೊಳ್ಳಬೇಕು.

ನಲವತ್ತು ಮಂದಿ ಒಟ್ಟಿಗೆ ನೋಡಲು ಹೋಗುವ ಮಾತು ಬಿಟ್ಟುಬಿಡಿ. ಒಬ್ಬರೋ ಇಬ್ಬರೋ, ಅವಳು ಹೂಂ ಅಂದ ದಿನ, ಕೈ ತೊಳೆದು, ಮಾಸ್ಕ್ ಹಾಕಿ ಹೋಗಿ. ನೆಗಡಿ, ಕೆಮ್ಮು, ಕಣ್ಣುಬೇನೆ ಇದ್ದವರು ಬಾಗಿಲಿಗೂ ಬೇಡ. ಹಾಸ್ಟೆಲ್ ಮಕ್ಕಳ ನಡುವೆ ಚಿಕನ್‌ಪಾಕ್ಸ್ ಓಡಾಡುವುದು ನಿಮಗೆ ಗೊತ್ತು, ಅಮ್ಮ ಬಂದಾಳ ಅಂತ ಬೇವಿನ ಸೊಪ್ಪು ಕಟ್ಟುತ್ತೇವೆ. ನಮಗದು ಹತ್ತು ದಿನದ ತುರಿಕೆ, ಅವಳಿಗೆ ಪ್ರಾಣಕ್ಕೆ ಬರುವ ಕಾಯಿಲೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡುತ್ತದೆ. ಅವಳನ್ನು ನೋಡಿ ಬಂದವರಿಗೆ ಆಮೇಲೆ ಗುಳ್ಳೆ ಎದ್ದರೆ ಮುಚ್ಚಿಡದೆ ಅದೇ ದಿನ ಅವಳ ಡಾಕ್ಟರಿಗೆ ಫೋನ್ ಮಾಡಿ.

ಊಟ ಕಳಿಸುವುದು ಒಳ್ಳೆಯದು. ಬಿಸಿ ರೊಟ್ಟಿ, ಬೆಂದ ಪಲ್ಲೆ, ಬೇಳೆ ಸಾರು, ಎಲ್ಲಾ ನಡೆಯುತ್ತದೆ. ನಮ್ಮ ಕಡೆ ರೊಟ್ಟಿ ಅಂದರೆ ಜೊತೆಗೆ ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ಹಸಿಯಾಗಿ ಇರಲೇಬೇಕು. ಕಣ ಕಡಿಮೆ ಇದ್ದಾಗ ಅದು ಬೇಡ. ಬಂಡಿಯ ಗಿರ್ಮಿಟ್ಟೂ ಬೇಡ, ಅವಳು ಎಷ್ಟೇ ಕೇಳಿದರೂ. ಪಪ್ಪಾಯಿ ಎಲೆ ರಸ, ಅಶ್ವಗಂಧ, ಜಿಮ್ಮಿನ ಪ್ರೋಟೀನ್ ಡಬ್ಬಿ, ಯಾರೋ ಹೇಳಿದ ನಾಟಿ ಔಷಧಿ, ಇವನ್ನು ಪ್ರೀತಿಯಿಂದಲೇ ತರುತ್ತಾರೆ ಅಂತ ಗೊತ್ತು. ಆದರೆ ಅವಳ ಲಿವರ್ ಮೇಲೆ ಈಗಾಗಲೇ ಕೀಮೋ ಗುಳಿಗೆಯ ಭಾರ ಇದೆ. ಡಾಕ್ಟರನ್ನು ಕೇಳದೆ ಒಂದು ಚಮಚವೂ ಕೊಡಬೇಡಿ.

ರೊಕ್ಕದ ವಿಷಯಕ್ಕೆ ಬರೋಣ. ಮೊದಲು ಕಾರ್ಡ್. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ದವಾಖಾನೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರ ಹತ್ತಿರ ಓಡಾಡಲು ನಿಮ್ಮಲ್ಲಿ ಕಾಗದಪತ್ರ ಬಲ್ಲ ಒಬ್ಬರನ್ನು ನೇಮಿಸಿ. ಯೋಜನೆಯಲ್ಲಿ ಸೇರದ ಔಷಧಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ರೇಷನ್ ಕಾರ್ಡಿನಲ್ಲಿ ಹುಡುಗಿಯ ಹೆಸರು, ಆಧಾರಿನಲ್ಲಿರುವ ಹೆಸರು ಎರಡೂ ಒಂದೇ ಇದೆಯಾ ನೋಡಿ. ಒಂದು ಅಕ್ಷರ ತಪ್ಪಿದ್ದಕ್ಕೆ ವಾರಗಟ್ಟಲೆ ಅಲೆದವರನ್ನು ನೋಡಿದ್ದೇನೆ.

ಯಾವ ಕಾರ್ಡೂ ಕೊಡದ ಖರ್ಚು ಮನೆಯನ್ನು ಮುರಿಯುತ್ತದೆ. ಅಪ್ಪನ ಹೋದ ಕೂಲಿ, ಅವ್ವನ ನಿಂತ ಹೊಲಿಗೆ, ಹುಬ್ಬಳ್ಳಿಯ ಚಹಾ-ನಾಷ್ಟಾ, ಒಂದು ಸಣ್ಣ ಬಾಡಿಗೆ ಕೋಣೆ. ಇದಕ್ಕೆ ಒಂದೇ ಸಲ ಎರಡು ಲಕ್ಷ ಕೂಡಿಸಿ ಕೊಟ್ಟರೆ ಹಳೇ ಸಾಲದವರು ಮೊದಲು ಬಂದು ನಿಲ್ಲುತ್ತಾರೆ. ಅದರ ಬದಲು ದುಡಿಯುವ ಮೂವತ್ತು ಮಂದಿ ತಿಂಗಳಿಗೆ 300 ರೂಪಾಯಿ ಹಾಕಿ. ತಿಂಗಳಿಗೆ 9,000 ಆಯಿತು. ಮೂವತ್ತು ತಿಂಗಳಿಗೆ 2 ಲಕ್ಷ 70 ಸಾವಿರ. ಯಾವ ಜಾಥಾದಲ್ಲೂ ಇಷ್ಟು ಹುಟ್ಟುವುದು ಕಷ್ಟ. ಮುಖ್ಯವಾಗಿ, ಗುಳಿಗೆಯ ಕಾಲ ಮುಗಿಯುವವರೆಗೂ ಇದು ಬರುತ್ತಲೇ ಇರುತ್ತದೆ.

ಇಲ್ಲೊಂದು ಹಳೇ ಕಥೆ ಹೇಳಲೇಬೇಕು. ಹಾವೇರಿ ಕಡೆಯ ಒಬ್ಬ ಕಬಡ್ಡಿ ಹುಡುಗ, 15 ವರ್ಷ. ತಂಡದವರಿಗೆ ಅವನ ಮೇಲೆ ಜೀವ. ಊರ ಸರ್ಕಲ್‌ನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿದರು. ಒಂದು ಕಡೆ ರೈಡ್ ಮಾಡುವ ಫೋಟೋ, ಇನ್ನೊಂದು ಕಡೆ ಕೂದಲು ಉದುರಿ, ಈ ಚಿಕಿತ್ಸೆಯಲ್ಲಿ ಕೊಡುವ ಸ್ಟೀರಾಯ್ಡ್ ಗುಳಿಗೆಯಿಂದ ಮುಖ ಊದಿದ ಫೋಟೋ. ಕೆಳಗೆ ಒಬ್ಬರ ಫೋನ್ ನಂಬರ್, ರೊಕ್ಕ ಹಾಕಲು. ರೊಕ್ಕ ಬಂತು. ಎಷ್ಟು ಬಂತು, ಎಷ್ಟು ಹೋಯಿತು ಅಂತ ಯಾರೂ ಬರೆದಿಡಲಿಲ್ಲ. ಮೂರನೇ ತಿಂಗಳಿಗೆ ಚಹಾದಂಗಡಿಯಲ್ಲಿ ಮಾತು ಶುರುವಾಯಿತು. ಹುಡುಗನ ಅಪ್ಪ ಒಂದು ಹಳೇ ಬೈಕ್ ತಗೊಂಡಿದ್ದರು, ಮಗನನ್ನು ದವಾಖಾನೆಗೆ ಕರೆತರಲು. ಊರವರು ಅದನ್ನೇ ಹಿಡಿದುಕೊಂಡರು. ಹುಡುಗ ಫ್ಲೆಕ್ಸ್ ನೋಡಿದ ದಿನದಿಂದ ಮನೆ ಬಿಟ್ಟು ಹೊರಗೆ ಬರಲಿಲ್ಲ, ಅಪ್ಪ ಮಾತಿಗೆ ಹೆದರಿ ದವಾಖಾನೆಗೆ ಬರಲಿಲ್ಲ. ಎರಡು ತಾರೀಖು ತಪ್ಪಿದಾಗಲೇ ನಾನು ಫೋನ್ ಮಾಡಬೇಕಿತ್ತು. ಬರುತ್ತಾರೆ ಬಿಡು ಅಂದುಕೊಂಡೆ, ಮಾಡಿದ್ದು ಒಂದು ತಿಂಗಳಾದ ಮೇಲೆ. ಆಮೇಲೆ ಅವರು ಬಂದರು, ಆದರೆ ಆ ಒಂದು ತಿಂಗಳು ನನಗೆ ಇವತ್ತಿಗೂ ನೆನಪಿದೆ.

ಅದಕ್ಕೇ ಹೇಳುತ್ತೇನೆ, ರೊಕ್ಕ ಅವ್ವ ಅಥವಾ ಅಪ್ಪನ ಹೆಸರಿನ ಬೇರೆ ಖಾತೆಗೆ ಹೋಗಲಿ. ಲೆಕ್ಕ ಇಬ್ಬರು ಬರೆಯಲಿ, ತಿಂಗಳಿಗೊಮ್ಮೆ ಕೊಟ್ಟವರಿಗೆ ತೋರಿಸಲಿ. ಕೊಟ್ಟ ಮೇಲೆ ಮನೆಯವರು ಅದನ್ನು ಯಾವುದಕ್ಕೆ ಖರ್ಚು ಮಾಡಿದರು ಅಂತ ಕೇಳಬೇಡಿ. ಅವಳ ಫೋಟೋ ಎಲ್ಲೂ ಹಾಕಬೇಡಿ. ಅವಳೇ ತನ್ನ ಸ್ಟೇಟಸ್‌ಗೆ ಹಾಕಿಕೊಂಡರೆ ಅದು ಅವಳ ಇಷ್ಟ. ಅವಳಿಗಿನ್ನೂ 16, ನಾಳೆ ಇದೇ ಊರಲ್ಲಿ ಕಾಲೇಜಿಗೆ ಹೋಗಬೇಕು.

ಅವಳ ಜೊತೆ ಏನು ಮಾತಾಡಬೇಕು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. "ನೀ ಫೈಟರ್, ಗೆದ್ದೇ ಗೆಲ್ತಿ" ಅನ್ನುವುದನ್ನು ಕಡಿಮೆ ಮಾಡಿ. ಆಟದ ಮಕ್ಕಳು ಸೋಲನ್ನು ತಮ್ಮ ತಪ್ಪು ಅಂತ ಕಲಿತಿರುತ್ತಾರೆ. ನಾಳೆ ರಿಪೋರ್ಟ್ ಚೆನ್ನಾಗಿ ಬರದಿದ್ದರೆ ತಾನು ಸರಿಯಾಗಿ ಹೋರಾಡಲಿಲ್ಲ ಅಂದುಕೊಳ್ಳುತ್ತಾಳೆ. ಸ್ಟೀರಾಯ್ಡ್ ತಗೊಳ್ಳುವ ವಾರ ಸಿಟ್ಟು ಬರುತ್ತದೆ, ಅಳು ಬರುತ್ತದೆ, ರಾತ್ರಿ ಹನ್ನೆರಡಕ್ಕೆ ಹಸಿವಾಗುತ್ತದೆ. ಬೈದರೆ ಬೈಸಿಕೊಳ್ಳಿ, ಅದು ಗುಳಿಗೆಯ ಮಾತು. ಕೋಚ್ ಗಂಡಸರಾಗಿದ್ದರೆ ಅವಳು ಕೆಲವು ವಿಷಯ ಹೇಳುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಅದನ್ನು ಡಾಕ್ಟರಿಗೆ ತಕ್ಷಣ ತಿಳಿಸಬೇಕು. ನಿಮ್ಮ ಸೀನಿಯರ್ ಹುಡುಗಿಯೊಬ್ಬಳು ದಿನಾ ಒಂದು ಫೋನ್ ಮಾಡಲಿ, ಅಕ್ಕನ ಹಾಗೆ.

ಮತ್ತೆ, ಅವಳಿಗೊಂದು ಕೆಲಸ ಕೊಡಿ. ಹಾಜರಿ ಪುಸ್ತಕದಿಂದ ಹೆಸರು ತೆಗೆಯಬೇಡಿ. ಭಾನುವಾರದ ಟೈಮ್ ಟ್ರಯಲ್‌ಗೆ ನಿಮಿಷಕ್ಕೊಬ್ಬರನ್ನು ಬಿಡುತ್ತೀರಲ್ಲ, ಆ ಟೈಮಿಂಗ್ ಎಲ್ಲಾ ಅವಳಿಗೆ ಕಳಿಸಿ, ಪಟ್ಟಿ ಅವಳೇ ಮಾಡಲಿ. ಯಾರು ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಬಿದ್ದರು ಅಂತ ಅವಳೇ ಹೇಳಲಿ. ನೋಡಿ ಬೇಕಾದರೆ, ನಿಮಗಿಂತ ಖಾರವಾಗಿ ಬೈಯುತ್ತಾಳೆ.

ತಮ್ಮನನ್ನು ಮರೆಯಬೇಡಿ. ಮನೆಯಲ್ಲಿ ಈಗ ಎಲ್ಲರ ಕಣ್ಣು ಅಕ್ಕನ ಮೇಲೆ, ಅವನು ಉಂಡನಾ ಅಂತ ಕೇಳುವವರಿಲ್ಲ. ಅವನನ್ನು ಶಾಲೆಗೆ, ಪ್ರಾಕ್ಟೀಸಿಗೆ ಬಿಡುವ ಪಾಳಿಯೂ ಇರಲಿ. "ನಿನ್ನ ಮಜ್ಜೆ ಕೊಟ್ಟು ಅಕ್ಕನನ್ನು ಉಳಿಸಬೇಕಪ್ಪ" ಅಂತ ದೊಡ್ಡವರು ಸಿನಿಮಾ ಮಾತು ಆಡುತ್ತಾರೆ. ಬೇಡ. ಬಹಳಷ್ಟು ಎ.ಎಲ್.ಎಲ್. ಮಕ್ಕಳಿಗೆ ಮಜ್ಜೆ ಕಸಿ ಬೇಕಾಗುವುದೇ ಇಲ್ಲ. ಬೇಕಾದರೂ ಒಡಹುಟ್ಟಿದವರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಭಾರವನ್ನು ಮಗುವಿನ ತಲೆ ಮೇಲೆ ಹಾಕಬಾರದು.

ರೇಸಿಗೆ ವಾಪಸ್ ಬರುವ ವಿಷಯ. ಆರು ತಿಂಗಳು ಅನ್ನುವುದನ್ನು ಮರೆತುಬಿಡಿ. ಸೈಕ್ಲಿಂಗ್ ಮಂದಿ ಅಂದ ಮೇಲೆ ಯಾರಾದರೂ ಕ್ಯಾನ್ಸರ್ ಗೆದ್ದು ರೇಸಿಗೆ ಮರಳಿದ ಅಮೆರಿಕದ ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹೆಸರು ತೆಗೆದಿರುತ್ತಾರೆ, ಅಲ್ವಾ? ಅವನದು ವೃಷಣದ ಕ್ಯಾನ್ಸರ್, ಬೇರೆ ಕಾಯಿಲೆ. ಆಮೇಲೆ ಗೆದ್ದ ಏಳು ಟೂರ್ ಡಿ ಫ್ರಾನ್ಸ್ ಪದವಿಗಳನ್ನೂ ಉದ್ದೀಪನ ಔಷಧಿ ತಗೊಂಡಿದ್ದಕ್ಕೆ 2012ರಲ್ಲಿ ಕಸಿದುಕೊಂಡರು. ಯುವರಾಜ್ ಸಿಂಗ್ 2012ರ ಆರಂಭದಲ್ಲಿ ಕೀಮೋ ಮಾಡಿಸಿಕೊಂಡು ಅದೇ ಸೆಪ್ಟೆಂಬರ್‌ಗೆ ಭಾರತ ತಂಡಕ್ಕೆ ಆಡಿದರು. ಅದೂ ರಕ್ತದ ಕ್ಯಾನ್ಸರ್ ಅಲ್ಲ, ಎದೆಯೊಳಗಿನ ಗಡ್ಡೆ, ಚಿಕಿತ್ಸೆಯೂ ಚಿಕ್ಕದು. ನಿಮ್ಮ ಹುಡುಗಿಗೆ ಹತ್ತಿರದ ಉದಾಹರಣೆ ಬೇಕಾದರೆ ಜಪಾನಿನ ಈಜುಗಾರ್ತಿ ರಿಕಾಕೊ ಇಕೀ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಆರು ಚಿನ್ನ. 2019ರ ಫೆಬ್ರವರಿಯಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ರಕ್ತ ತಯಾರಿಸುವ ಕಾಂಡಕೋಶದ ಕಸಿಯೂ ಆಯಿತು, ಡಿಸೆಂಬರ್‌ವರೆಗೆ ಆಸ್ಪತ್ರೆ. 2020ರ ಆಗಸ್ಟ್‌ನಲ್ಲಿ ಮತ್ತೆ ಸ್ಪರ್ಧೆಗೆ ಇಳಿದರು, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ರಿಲೇ ತಂಡದಲ್ಲಿದ್ದರು. ಅವರಿಗಿದ್ದ ಸೌಕರ್ಯವೇ ಬೇರೆ. ಇದನ್ನು ಒಮ್ಮೆ ಹೇಳಿ, ದಿನಾ ಹೇಳಬೇಡಿ.

ಚಿಕಿತ್ಸೆ ನಡೆಯುವಾಗ ಪೂರ್ತಿ ಮಲಗಿಸುವುದೂ ತಪ್ಪು. ಜ್ವರ ಇಲ್ಲದ ದಿನ, ಅವತ್ತಿನ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ನೋಡಿ ಡಾಕ್ಟರ್ ಹೂಂ ಅಂದರೆ ಮನೆಯ ಅಂಗಳದಲ್ಲಿ ನಡೆಯಲಿ. ಗುಳಿಗೆಯ ಕಾಲಕ್ಕೆ ಬಂದ ಮೇಲೆ ಸ್ಟ್ಯಾಂಡಿಗೆ ಹಚ್ಚಿದ ಸೈಕಲ್ ಮೇಲೆ ಸಣ್ಣಗೆ ಪೆಡಲ್ ತುಳಿಯಬಹುದು. ರಸ್ತೆಗೆ ಬೇಡ, ಬಿದ್ದರೆ ಕಷ್ಟ. ವಿನ್‌ಕ್ರಿಸ್ಟಿನ್ ಅನ್ನುವ ಔಷಧಿ ನರಗಳಿಗೆ ಹೊಡೆತ ಕೊಡುತ್ತದೆ. ಪಾದ ಮೇಲೆತ್ತಲು ಬರದೆ ನಡೆಯುವಾಗ ಟಪ್ ಟಪ್ ಸದ್ದು ಬರುತ್ತದೆ. ಆ ಕಾಲಲ್ಲಿ ಬೂಟು ಸಿಕ್ಕಿಸುವ ಕ್ಲಿಪ್ ಪೆಡಲ್ ಹಾಕಿದರೆ ಬಿಡಿಸಿಕೊಳ್ಳಲು ಆಗದೆ ಬೀಳುತ್ತಾಳೆ. ಫಿಸಿಯೋಥೆರಪಿಯಿಂದ ಬಹುಪಾಲು ಸರಿಹೋಗುತ್ತದೆ, ತಿಂಗಳುಗಳು ಬೇಕು. ತೊಡೆಸಂದಿ ನೋವು ಅಂದರೆ ಸ್ನಾಯು ಹಿಡಿದಿದೆ ಅಂತ ಎಣ್ಣೆ ತಿಕ್ಕಬೇಡಿ. ಈ ವಯಸ್ಸಿನ ಮಕ್ಕಳಲ್ಲಿ ಸ್ಟೀರಾಯ್ಡ್‌ನಿಂದ ತೊಡೆಯ ಎಲುಬಿನ ಮೇಲ್ತುದಿಯ ಗುಂಡನೆಯ ಭಾಗಕ್ಕೆ ರಕ್ತ ಹೋಗುವುದು ಕಡಿಮೆಯಾಗಿ ಅದು ಸವೆಯುವುದುಂಟು. ಎಂ.ಆರ್.ಐ. ಮಾಡಿ ನೋಡಬೇಕು. ಕೆಲವು ಕೀಮೋ ಔಷಧಿಗಳು ಹೃದಯವನ್ನು ಬಡವು ಮಾಡುತ್ತವೆ, ಆದ್ದರಿಂದ ಜೋರಾದ ಪ್ರಾಕ್ಟೀಸ್ ಶುರು ಮಾಡುವ ಮೊದಲು ಹೃದಯದ ಸ್ಕ್ಯಾನ್ ಆದ ಎಕೋ ಕಡ್ಡಾಯ.

ಇನ್ನೊಂದು ಕಾಗದ ಎತ್ತಿಡಿ. ಅವಳು ತಗೊಳ್ಳುವ ಸ್ಟೀರಾಯ್ಡ್ ಗುಳಿಗೆ ಸ್ಪರ್ಧೆಯ ವೇಳೆ ನಿಷೇಧದ ಪಟ್ಟಿಯಲ್ಲಿದೆ, ರಕ್ತ ಹಾಕಿಸಿಕೊಳ್ಳುವುದಕ್ಕಂತೂ ಯಾವಾಗಲೂ ನಿಷೇಧ. ಮುಂದೆ ಸ್ಪರ್ಧೆಗೆ ಇಳಿಯುವಾಗ ಅಂಥ ಔಷಧಿ ನಡೆಯುತ್ತಿದ್ದರೆ ನಾಡಾದಿಂದ, ಅಂದರೆ ಉದ್ದೀಪನ ಔಷಧಿ ತಡೆಯುವ ರಾಷ್ಟ್ರೀಯ ಸಂಸ್ಥೆಯಿಂದ, ಚಿಕಿತ್ಸೆಯ ವಿನಾಯಿತಿ ಪಡೆಯಬೇಕಾಗುತ್ತದೆ. ಡಿಸ್ಚಾರ್ಜ್ ಚೀಟಿ, ಔಷಧಿ ಪಟ್ಟಿ ಎಲ್ಲಾ ಒಂದು ಫೈಲಿನಲ್ಲಿ ಇಟ್ಟರೆ ಆಗ ಪರದಾಡುವುದು ತಪ್ಪುತ್ತದೆ.

ಸೈಕಲ್ ಮಾರುವ ಬಗ್ಗೆ ಅಪ್ಪನಿಗೆ ಬುದ್ಧಿ ಹೇಳಲು ಹೋಗಬೇಡಿ. ಮನೆಯಲ್ಲಿ ರೊಕ್ಕಕ್ಕೆ ಬರುವ ವಸ್ತು ಅದೊಂದೇ ಇರಬಹುದು, ಅವರ ಕಷ್ಟ ಅವರಿಗೆ ಗೊತ್ತು. ಹೊರಗಿನವರು ಎಷ್ಟು ಕೊಡುತ್ತೇನೆ ಅಂದಿದ್ದಾರೋ ಅಷ್ಟೇ ಕೊಟ್ಟು ನೀವೇ ತಗೊಳ್ಳಿ. ಬಿಟ್ಟಿ ರೊಕ್ಕವಲ್ಲ ಅಂತ ಅವರ ಮನಸ್ಸಿಗೂ ಸಮಾಧಾನ. ಆಮೇಲೆ ಅದನ್ನು ಯಾರೂ ಓಡಿಸಬೇಡಿ. ಚೈನಿಗೆ ಎಣ್ಣೆ ಹಾಕಿ, ಟೈರ್ ನೆಲಕ್ಕೆ ತಾಗದ ಹಾಗೆ ಕೊಕ್ಕೆಗೆ ತೂಗುಹಾಕಿ. ಸೀಟಿನ ಎತ್ತರ ಎಷ್ಟಿದೆಯೋ ಅಷ್ಟೇ ಇರಲಿ.